ಕಡತ ಇದೆ, ದಾರಿ ಕಡಿದಿದೆ

ಆಸ್ಪತ್ರೆಯ ಕೌಂಟರಿನಲ್ಲಿ ‘ಸರ್ವರ್ ಡೌನ್ ಆಗಿದೆ, ಸ್ವಲ್ಪ ಕಾಯಿರಿ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಎದುರಿಗೆ ಗಣಕಯಂತ್ರವಿದೆ, ವಿದ್ಯುತ್ ಇದೆ. ನಿಮ್ಮ ರಕ್ತಪರೀಕ್ಷೆಯ ವರದಿ ಮಾತ್ರ ಪರದೆಗೆ ಬರುವುದಿಲ್ಲ. ಸಾಮಾನ್ಯವಾಗಿ ವರದಿ ಕಳೆದುಹೋಗಿರುವುದಿಲ್ಲ. ಅದನ್ನು ಇಟ್ಟ ಜಾಗಕ್ಕೂ ವೈದ್ಯರ ಮೇಜಿಗೂ ನಡುವಿನ ದಾರಿ ಎಲ್ಲೋ ಕಡಿದಿರುತ್ತದೆ. ಈ ದಾರಿಗೂ ಒಂದು ಇತಿಹಾಸವಿದೆ.

ಮೊದಲು ಇಂಥ ಪ್ರತ್ಯೇಕ ದಾರಿಯೇ ಇರಲಿಲ್ಲ. 1966–67ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ, ಡಾ. ಆಕ್ಟೋ ಬಾರ್ನೆಟ್ ಅವರ ಪ್ರಯೋಗಾಲಯದಲ್ಲಿ, ನೀಲ್ ಪಪ್ಪಲಾರ್ಡೊ ಮತ್ತು ಸಂಗಡಿಗರು ‘ಮಂಪ್ಸ್’ ಎಂಬ ಗಣಕಭಾಷೆಯನ್ನು ರೂಪಿಸಿದರು. ಮಂಗನಬಾವಿನ ಇಂಗ್ಲಿಷ್ ಹೆಸರೂ ಅದೇ! ಈ ಭಾಷೆಯಲ್ಲಿ ಲೆಕ್ಕ ಮಾಡುವುದೂ ದಾಖಲೆ ಇಡುವುದೂ ಒಂದೇ ಕೆಲಸ. ಹೆಸರಿನ ಮುಂದೆ ಒಂದು ಚಿಹ್ನೆ ಹಾಕಿದರೆ ಸಾಕು, ಮಾಹಿತಿ ನೇರವಾಗಿ ಡಿಸ್ಕಿಗೆ ಹೋಗುತ್ತಿತ್ತು. ಅಮೆರಿಕದ ನಿವೃತ್ತ ಯೋಧರ ಆಸ್ಪತ್ರೆಗಳೂ ಮುಂದೆ ಇದೇ ಭಾಷೆಯಲ್ಲಿ ತಮ್ಮ ದಾಖಲೆ ವ್ಯವಸ್ಥೆಯನ್ನು ಕಟ್ಟಿಕೊಂಡವು.

1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್, ಮಾಹಿತಿಯನ್ನು ಕೋಷ್ಟಕಗಳಾಗಿ ಕಾಣುವ ವಿಧಾನವನ್ನು ಮುಂದಿಟ್ಟರು. ಉಗ್ರಾಣ ಬೇರೆ, ಅದನ್ನು ಬಳಸುವ ತಂತ್ರಾಂಶ ಬೇರೆ ಎಂಬ ಪದ್ಧತಿ ಬಲವಾಯಿತು. ಆದರೆ ಒಬ್ಬೊಬ್ಬ ತಯಾರಕರ ಉಗ್ರಾಣಕ್ಕೂ ಒಂದೊಂದು ನುಡಿ. 1992ರಲ್ಲಿ ಮೈಕ್ರೋಸಾಫ್ಟ್ ಹೊರತಂದ ‘ಓಡಿಬಿಸಿ’ ದುಭಾಷಿಯ ಕೆಲಸ ಮಾಡಿತು. ಸಣ್ಣ ಕ್ಲಿನಿಕ್ಕಿನಲ್ಲೂ ಒಂದೆಡೆ ಇಟ್ಟ ಕಡತವನ್ನು ವೈದ್ಯರೂ ಔಷಧಿ ಕೊಡುವವರೂ ತಮ್ಮ ತಮ್ಮ ಮೇಜಿನಿಂದಲೇ ತೆರೆಯುವುದು ಸುಲಭವಾಯಿತು. ಅದರೊಡನೆ ಕೊಂಡಿಗಳೂ ಹೆಚ್ಚಿದವು: ತಂತ್ರಾಂಶ, ಡ್ರೈವರ್, ಕೇಬಲ್, ಸರ್ವರ್, ಪಾಸ್‌ವರ್ಡ್. ಯಾವುದು ಕಳಚಿದರೂ ಪರದೆಯ ಮೇಲೆ ಕಾಣುವುದು ಹೆಚ್ಚುಕಡಿಮೆ ಒಂದೇ ಮಾತು: ‘ಸಂಪರ್ಕ ಸಾಧ್ಯವಾಗಲಿಲ್ಲ.’

ಇದರ ಬೆಲೆ ಏನೆಂಬುದು 2007ರ ಆಗಸ್ಟ್ 31ರಂದು ತಿಳಿಯಿತು. ಉತ್ತರ ಕ್ಯಾಲಿಫೋರ್ನಿಯಾದ ಯೋಧರ ಆಸ್ಪತ್ರೆಗಳ ಕಡತಗಳನ್ನು ಆ ವೇಳೆಗೆ ಸ್ಯಾಕ್ರಮೆಂಟೊದ ಒಂದೇ ಕೇಂದ್ರಕ್ಕೆ ಸೇರಿಸಲಾಗಿತ್ತು. ಬೆಳಿಗ್ಗೆ ಕೆಲಸಕ್ಕೆ ಬಂದವರಿಗೆ ಕಡತ ತೆರೆಯಲಿಲ್ಲ. 17 ಕಡೆ, ಸುಮಾರು 9 ಗಂಟೆ ಕಾಲ, ರೋಗಿಗೆ ಹಿಂದೆ ಯಾವ ಔಷಧಿ ಕೊಟ್ಟಿತ್ತೆಂದು ಎಂದಿನಂತೆ ನೋಡಿಕೊಳ್ಳಲಾಗದೆ ವೈದ್ಯರು, ದಾದಿಯರು ಕಾಗದ ಹಿಡಿದು ದುಡಿದರು. ಡೆನ್ವರಿನಲ್ಲಿ ಬದಲಿ ಕೇಂದ್ರವಿತ್ತು. ಕಾರಣ ತಿಳಿಯದೆ ಹೊರೆಯನ್ನು ಅಲ್ಲಿಗೆ ಸರಿಸಿದರೆ ಅದೂ ಕೆಟ್ಟೀತೆಂಬ ಭಯದಿಂದ ಸರಿಸಲಿಲ್ಲ. ಕೊನೆಗೆ ಸಿಕ್ಕ ಕಾರಣ ಬಹಳ ಸಣ್ಣದು. ಜಾಲದ ಒಂದು ಪೋರ್ಟಿನ ಹೊಂದಿಕೆಯನ್ನು ಯಾರೋ ಕ್ರಮಬದ್ಧವಾಗಿ ದಾಖಲಿಸದೆ ಬದಲಿಸಿದ್ದರು. ಅದನ್ನು ಹಿಂದಿನಂತೆ ಮಾಡಿದೊಡನೆ ಕಡತಗಳು ತೆರೆದವು.

ಸ್ಟುಡಿಯೋದಲ್ಲಿ ಚಿತ್ರ ಬಾರದಿದ್ದರೆ ನಾವು ಕ್ಯಾಮೆರಾದಿಂದ ಕೇಬಲ್ ಹಿಡಿದು ಒಂದೊಂದೇ ಕೊಂಡಿ ನೋಡುತ್ತ ಬರುತ್ತೇವೆ. ಇಲ್ಲಿಯೂ ಕ್ರಮ ಅದೇ. ಮೊದಲ ಪ್ರಶ್ನೆ: ಕೊನೆಯ ಬಾರಿ ಬದಲಾದದ್ದು ಏನು? ಎರಡನೆಯದು: ತೊಂದರೆ ಒಂದೇ ಮೇಜಿನಲ್ಲೋ, ಎಲ್ಲ ಮೇಜುಗಳಲ್ಲೋ? ಒಂದರಲ್ಲೇ ಆದರೆ ಆ ಯಂತ್ರದ ಕೇಬಲ್, ಪಾಸ್‌ವರ್ಡ್, ಡ್ರೈವರ್ ನೋಡಬೇಕು. 32 ಬಿಟ್ ತಂತ್ರಾಂಶಕ್ಕೆ 64 ಬಿಟ್ ಡ್ರೈವರ್ ಹೊಂದುವುದಿಲ್ಲ. ಎಲ್ಲೆಡೆ ಇದ್ದರೆ ಸರ್ವರ್ ಮತ್ತು ಜಾಲದ ಕಡೆ ಹೋಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ಬರೆದಿಡಬೇಕು. ಕಡತಗಳ ಪ್ರತಿ ತೆಗೆದಿಡದೆ ಏನನ್ನೂ ಅಳಿಸಿ ಮರುಸ್ಥಾಪಿಸಬಾರದು.

ಇದು ತಂತ್ರಜ್ಞರ ಪಾಲಿನ ಕೆಲಸವಾಯಿತು. ನಿಮ್ಮ ಪಾಲಿನದೂ ಒಂದಿದೆ. ನೀವು ತೆಗೆದುಕೊಳ್ಳುವ ಔಷಧಿಗಳ ಹೆಸರು, ಪ್ರಮಾಣ, ನಿಮಗೆ ಒಗ್ಗದ ಔಷಧಿ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಸರ್ವರ್ ಮಲಗಿದ ದಿನ ವೈದ್ಯರ ಕೈಗೆ ಮೊದಲು ಸಿಗುವ ಕಡತ ಅದೇ ಆದೀತು.