ಸೈತಾನ ಬಂದು ಸರ್ವರ್ ಬಾಗಿಲು ತಟ್ಟಿದ ಕಥೆ

ವಲ್ನರಬಿಲಿಟಿ ಸ್ಕ್ಯಾನರ್ ಅಂದರೇನು ಅಂತ ಸಾಫ್ಟ್‌ವೇರ್ ಮಂದಿಯಲ್ಲದ ಬ್ಲಾಗಿಗ ಮಿತ್ರರು ಕೇಳಬಹುದು. ರಾತ್ರಿ ಮಲಗುವ ಮುಂಚೆ ಮುಂಬಾಗಿಲು, ಕಿಟಕಿ, ಹಿತ್ತಿಲ ಚಿಲಕ ಎಲ್ಲವನ್ನೂ ಒಮ್ಮೆ ಎಳೆದು ನೋಡ್ತೀವಲ್ಲ, ಸರ್ವರುಗಳಿಗೆ ಅದೇ ಕೆಲಸ ಮಾಡುವ ತಂತ್ರಾಂಶ ಇದು. ಇವತ್ತು ಕಂಪನಿಗಳು ದುಡ್ಡು ಸುರಿದು ಕೊಳ್ಳುವ ಈ ಸಾಧನ ಮೊದಮೊದಲು ಎಬ್ಬಿಸಿದ ಗಲಾಟೆ ಬಲು ಸ್ವಾರಸ್ಯವಾದದ್ದು.

1993ರಲ್ಲಿ ಅಮೆರಿಕದ ಡಾನ್ ಫಾರ್ಮರ್ ಮತ್ತು ನೆದರ್ಲೆಂಡ್ಸಿನ ವೀಟ್ಸೆ ವೆನೆಮಾ ಸೇರಿ ಒಂದು ಲೇಖನ ಬರೆದರು. ನಿಮ್ಮ ಸರ್ವರು ಭದ್ರವಾಗಬೇಕಾದರೆ ಕಳ್ಳನಿಗಿಂತ ಮೊದಲು ನೀವೇ ಅದರೊಳಗೆ ನುಗ್ಗಿ ನೋಡಿ, ಅನ್ನುವುದು ಅದರ ಸಾರ. ಆಮೇಲೆ ಆ ನುಗ್ಗಿ ನೋಡುವ ಕೆಲಸವನ್ನೇ ಒಂದು ಪ್ರೋಗ್ರಾಮಿಗೆ ಕಲಿಸಿ, 1995ರ ಏಪ್ರಿಲ್ 5ರಂದು ಎಲ್ಲರಿಗೂ ಪುಕ್ಕಟೆ ಹಂಚಿದರು. ಇಟ್ಟ ಹೆಸರು ಸೇಟನ್, ಅಂದರೆ ಸೈತಾನ! ಹೆಸರು ಹಿಡಿಸದವರಿಗಾಗಿ 'ರಿಪೆಂಟ್' ಅನ್ನುವ ಪುಟ್ಟ ಪ್ರೋಗ್ರಾಮೂ ಜೊತೆಗಿತ್ತು. ಅದನ್ನು ಓಡಿಸಿದರೆ ಸೇಟನ್ ಹೋಗಿ ಸಾಂಟಾ ಆಗುತ್ತಿತ್ತು :)

ಅದು ಹುಡುಕುತ್ತಿದ್ದದ್ದು ಬೆರಳೆಣಿಕೆಯ ಲೋಪಗಳನ್ನು ಮಾತ್ರ. ಎನ್‌ಎಫ್‌ಎಸ್‌ನಲ್ಲಿ ಫೈಲುಗಳನ್ನು ಊರಿಗೆಲ್ಲ ತೆರೆದಿಟ್ಟಿದ್ದಾರಾ, ಸೆಂಡ್‌ಮೇಲ್ ಹಳೆಯದಾ, ಹೀಗೆ. ಎಲ್ಲವೂ ಗೊತ್ತಿದ್ದ ತೂತುಗಳೇ. ಆದರೂ ಕಳ್ಳರ ಕೈಗೆ ಕೀಲಿಗೊಂಚಲು ಕೊಟ್ಟಂತಾಯಿತು ಅಂತ ಪತ್ರಿಕೆಗಳಲ್ಲಿ ಹುಯಿಲೆದ್ದಿತು. ಫಾರ್ಮರ್ ಸಿಲಿಕಾನ್ ಗ್ರಾಫಿಕ್ಸಿನ ಕೆಲಸವನ್ನೇ ಕಳೆದುಕೊಂಡ. ಎಲ್ಲರೂ ಹೆದರಿದ್ದ ಪ್ರಳಯವಂತೂ ಆಗಲಿಲ್ಲ. ತಮಾಷೆಯೆಂದರೆ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಸೇಟನ್ನಿನಲ್ಲೇ ಒಂದು ತೂತು ಸಿಕ್ಕಿ, ಅದನ್ನು ಮುಚ್ಚಬೇಕಾಯಿತು! ಕಾವಲುಗಾರನೂ ಒಂದು ಪ್ರೋಗ್ರಾಮೇ ತಾನೆ.

1998ರಲ್ಲಿ ಫ್ರಾನ್ಸಿನ ರೆನೋ ದೆರೆಜೋನ್ ಎಂಬ ಹುಡುಗ ನೆಸಸ್ ಬರೆದ. ಒಂದೊಂದು ಲೋಪಕ್ಕೆ ಒಂದೊಂದು ಪುಟ್ಟ ಪ್ಲಗಿನ್. ಹೊಸ ಲೋಪ ಬಂದರೆ ಹೊಸ ಪ್ಲಗಿನ್ ಸೇರಿಸಿದರಾಯಿತು. ಸ್ಕ್ಯಾನರ್ ಆರಿಸುವವರು ಇಂದಿಗೂ ಪ್ಲಗಿನ್ ಎಷ್ಟಿವೆ ಅಂತ ಲೆಕ್ಕ ಹಾಕುವುದು ಇಲ್ಲಿಂದ ಬಂದ ಚಾಳಿ ಇರಬೇಕು. 2005ರಲ್ಲಿ ಅದರ ಮೂರನೇ ಆವೃತ್ತಿ ಮುಕ್ತ ತಂತ್ರಾಂಶವಾಗಿ ಉಳಿಯಲಿಲ್ಲ. ಹಳೆಯ ಕೋಡಿನಿಂದ ಕವಲೊಡೆದದ್ದೇ ಓಪನ್‌ವಾಸ್.

ಇಷ್ಟು ಹೊತ್ತಿಗೆ ಜನರ ಭಯವೂ ತಿರುಗುಮುರುಗಾಗಿತ್ತು. ಮೊದಲು ಸ್ಕ್ಯಾನರ್ ಏನು ಹೇಳಿಬಿಡುತ್ತೋ ಅಂತ ಹೆದರುತ್ತಿದ್ದವರು, ಈಗ ಅದು ಸುಮ್ಮನಿದ್ದರೆ ಎಲ್ಲ ಸರಿಯಾಗಿದೆ ಅಂತ ನಂಬತೊಡಗಿದರು. ಅಮೆರಿಕದ ಈಕ್ವಿಫ್ಯಾಕ್ಸ್ ಮುಗ್ಗರಿಸಿದ್ದು ಇಲ್ಲೇ ನೋಡಿ. ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವ ಕಂಪನಿ ಅದು. 2017ರ ಮಾರ್ಚ್ 7ರಂದು ಅಪಾಚೆ ಸ್ಟ್ರಟ್ಸ್‌ನ ಒಂದು ಗಂಭೀರ ಲೋಪ ಬಯಲಾಯಿತು, ಅದನ್ನು ಸರಿಪಡಿಸುವ ಪ್ಯಾಚೂ ಬಂತು. 48 ಗಂಟೆಯೊಳಗೆ ಹಾಕಿ ಅಂತ ಒಳಗೇ ಇಮೇಲ್ ಹೋಯಿತು. ಮಾರ್ಚ್ 15ರಂದು ಸ್ಕ್ಯಾನೂ ಆಯಿತು. ಏನೂ ಸಿಗಲಿಲ್ಲ. ಮೇ ತಿಂಗಳಲ್ಲಿ ನುಗ್ಗಿದ ಕಳ್ಳರು ಜುಲೈ ಕೊನೆಯವರೆಗೂ ಒಳಗೇ ಇದ್ದರು. ಸುಮಾರು 14.7 ಕೋಟಿ ಜನರ ವಿವರ ಸೋರಿತು.

ಸ್ಕ್ಯಾನರಿಗೆ ಆ ಲೋಪದ ಪರಿಚಯ ಇರಲಿಲ್ಲವೆಂದಲ್ಲ. ಅದು ನೋಡಿದ್ದು ಮೇಲಿನ ರೂಟ್ ಡೈರೆಕ್ಟರಿಯನ್ನು. ಸ್ಟ್ರಟ್ಸ್ ಕೂತಿದ್ದದ್ದು ಅದರೊಳಗಿನ ಇನ್ನೊಂದರಲ್ಲಿ. ಯಾವ ಯಂತ್ರದಲ್ಲಿ ಏನೇನು ಓಡುತ್ತಿದೆ ಅನ್ನುವ ಪೂರ್ತಿ ಪಟ್ಟಿಯೇ ಕಂಪನಿಯ ಬಳಿ ಇರಲಿಲ್ಲ. ಹಿತ್ತಿಲ ಬಾಗಿಲೊಂದಿದೆ ಅಂತಲೇ ಗೊತ್ತಿಲ್ಲದವರು ಚಿಲಕ ಎಳೆದು ನೋಡುವುದೆಲ್ಲಿ?

ಹಾಗಾಗಿ ಸ್ಕ್ಯಾನರ್ ಮಾರುವವರು ಬಣ್ಣಬಣ್ಣದ ರಿಪೋರ್ಟ್ ತೋರಿಸಿದರೆ ನನಗೇನೂ ಪುಳಕವಾಗುವುದಿಲ್ಲ. ಒಂದು ಟೆಸ್ಟ್ ಯಂತ್ರದಲ್ಲಿ ಹಳೇ ತೂತಿರುವ ಸ್ಟ್ರಟ್ಸನ್ನು ನಾಲ್ಕು ಫೋಲ್ಡರ್ ಆಳದಲ್ಲಿ ಬಚ್ಚಿಟ್ಟು, ಮೊದಲು ಹೊರಗಿನಿಂದ, ಆಮೇಲೆ ಲಾಗಿನ್ ಕೊಟ್ಟು ಒಳಗಿನಿಂದ ಹುಡುಕಿ ಅಂತೀನಿ. ಹೊರಗಿನಿಂದ ಸಿಗದೆ ಒಳಗಿನಿಂದ ಸಿಕ್ಕಿದರೂ ಸರಿ. ಎರಡೂ ಸಲ ಹಸಿರು ಟಿಕ್ ಹಾಕಿಕೊಟ್ಟವರಿಗೆ ಕಾಫಿ ಕುಡಿಸಿ ಕಳಿಸ್ತೀನಿ.