ಗಡಿಯಾಚೆ ಬೀಗರೂರು

1947ರ ಆಗಸ್ಟ್ 15ರಂದು ಆಳಂದ ಸೀಮೆಯ ಮಾದನಹಿಪ್ಪರಗಾದವರಿಗೆ ಪಕ್ಕದ ಅಕ್ಕಲಕೋಟ ಸಂಸ್ಥಾನದ ದುಧನಿಯಲ್ಲಿದ್ದ ಬೀಗರ ಮನೆ ಪರದೇಶವಾಯಿತು. ಅಕ್ಕಲಕೋಟ ಸಂಸ್ಥಾನ ಭಾರತದ ಕಡೆಗಿತ್ತು, ಆಳಂದ ಸೀಮೆ ನಿಜಾಮರ ಹೈದರಾಬಾದಿನಲ್ಲೇ ಉಳಿಯಿತು. ಹೊಲದ ಬದು ಇದ್ದಲ್ಲೇ ಇತ್ತು, ಎರಡೂ ಕಡೆಯ ಮಾತು ಕನ್ನಡ–ಮರಾಠಿ ಬೆರೆತದ್ದೇ ಆಗಿತ್ತು. ಆದರೂ ಸೊಸೆ ತವರಿಗೆ ಹೋಗಬೇಕಾದರೆ ಎರಡು ಸರಕಾರಗಳನ್ನು ದಾಟಬೇಕಿತ್ತು.

ಗಡಿ ಈ ಜನಕ್ಕೆ ಹೊಸದೇನಲ್ಲ. ಆಚೆಯವರು ನಿಜಾಮರ ಈ ಭಾಗವನ್ನು ‘ಮೊಗಲಾಯಿ’ ಎನ್ನುತ್ತಿದ್ದರು. ಸರಕು ದಾಟಿಸಲು ನಿಜಾಮರ ಕರೋಡಗಿರಿ ನಾಕಾದಲ್ಲಿ ಸುಂಕ ತೆರಬೇಕಿತ್ತು. ನಾಣ್ಯವೂ ಬೇರೆ. ಈ ಕಡೆ ನಿಜಾಮರ ಹಾಲಿ ಸಿಕ್ಕಾ, ಆ ಕಡೆ ಬ್ರಿಟಿಷರ ಕಲ್ದಾರ. ಏಳು ಹಾಲಿ ರೂಪಾಯಿಗೆ ಹತ್ತಿರಹತ್ತಿರ ಆರು ಕಲ್ದಾರ. ಸೊಲ್ಲಾಪುರದ ಪೇಟೆಗೆ ಹೋಗಿಬರುವ ಮನೆಗಳು ಎರಡೂ ನಾಣ್ಯಗಳ ಲೆಕ್ಕ ಬಲ್ಲವಾಗಿದ್ದವು.

ಆ ವರ್ಷದ ನವೆಂಬರ್ 29ರಂದು ಭಾರತ ಮತ್ತು ಹೈದರಾಬಾದಿನ ನಡುವೆ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಿಗೇ ನಿಜಾಮ್ ಸರಕಾರ ಭಾರತದ ನಾಣ್ಯ ತನ್ನ ನೆಲದಲ್ಲಿ ನಡೆಯದಂತೆ ಮಾಡಿ, ಬೆಳ್ಳಿ–ಬಂಗಾರ ಹೊರಗೆ ಸಾಗಿಸುವುದಕ್ಕೂ ತಡೆ ಹಾಕಿತು. ಊರು ಬಿಡಬೇಕೆಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದವರಿಗೆ ಇದು ಕುತ್ತಿಗೆಗೆ ಬಂದ ಮಾತು. ಕೈಯಲ್ಲಿದ್ದ ಹಾಲಿ ಸಿಕ್ಕಾ ಆಚೆ ಸಲೀಸಾಗಿ ನಡೆಯದು. ಎಲ್ಲಿ ಹೋದರೂ ಬೆಲೆ ಬರುವ ಪಾಟಲಿ, ಕಡಗ ಒಯ್ದರೆ ಅಪರಾಧ.

ಹಾಗಿದ್ದರೆ ಆಪತ್ತಿಗೆ ಏನಿತ್ತು? ಮೊದಲನೆಯದು ಹಗೇವು. 1876–78ರ ಬರದಂಥ ಕಾಲಗಳನ್ನು ಕಂಡ ಈ ನಾಡಿನ ಹಳೆಯ ಉಗ್ರಾಣವದು. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ತಳಕ್ಕೂ ಸುತ್ತಲೂ ಒಣಹುಲ್ಲು, ಒಳಗೆ ಜೋಳ, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ಗಾಳಿ–ತೇವ ತಾಗದಿದ್ದರೆ ಕಾಳು ವರ್ಷಗಟ್ಟಲೆ ಕೆಡದು. ಮುಚ್ಚಳ ತೆಗೆದವನು ಕೂಡಲೇ ಇಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಹೋಗಲೆಂದು ಕಾಯುತ್ತಿದ್ದ, ದೀಪ ಇಳಿಬಿಟ್ಟು ನೋಡುತ್ತಿದ್ದ. ದೀಪ ಆರಿದರೆ ಇನ್ನಷ್ಟು ಹೊತ್ತು ಕಾಯಬೇಕಿತ್ತು. ಊರು ಬಿಡುವಾಗ ಹೊತ್ತೊಯ್ಯಲಾಗದ ಕಾಳಿಗೆ ಇದಕ್ಕಿಂತ ಭದ್ರವಾದ ಜಾಗ ಇರಲಿಲ್ಲ.

ಎರಡನೆಯದು ಖಡಕ್ ರೊಟ್ಟಿ. ತೆಳ್ಳಗೆ ಬಡಿದು, ಬೇಯಿಸಿ, ನೀರಿನಂಶ ಪೂರ್ತಿ ಆರುವವರೆಗೆ ಒಣಗಿಸಿದರೆ ವಾರಗಟ್ಟಲೆ ಇರುತ್ತದೆ. ಜೊತೆಗೆ ಶೇಂಗಾ ಹಿಂಡಿ. ಒಲೆ ಹೂಡಬೇಕಿಲ್ಲ, ಹೊಗೆ ಏಳುವುದಿಲ್ಲ.

ಮೂರನೆಯದೇ ದೊಡ್ಡದು: ಆಚೆ ಬಾಗಿಲು ತೆರೆಯುವ ಮನೆ. ಗಡಿಯಾಚೆ ಹೆಣ್ಣು ಕೊಟ್ಟು ತಂದ ಸಂಬಂಧಗಳು ಆಗ ಆಸರೆಯಾದವು. ಇಂದು ವಿದೇಶಕ್ಕೆ ಹೋದವರು ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ, ಪಾಸ್‌ಪೋರ್ಟಿನ ನಕಲು ಬೇರೆ ಇಟ್ಟುಕೊಳ್ಳುತ್ತಾರೆ. ಆಗಿನವರು ಕೇಳುತ್ತಿದ್ದದ್ದು ಒಂದೇ, ಆಚೆ ನಿಮ್ಮವರು ಯಾರಿದ್ದಾರೆ?

1948ರ ಬೇಸಿಗೆಗೆ ಆ ಪ್ರಶ್ನೆ ಪ್ರಾಣದ ಮಾತಾಯಿತು. ನಿಜಾಮರ ಪರ ನಿಂತ ಖಾಸಗಿ ಪಡೆಯಾದ, ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹಳ್ಳಿಗಳಿಗೆ ಹಬ್ಬಿತ್ತು. ಮುಂಬೈ–ಮದ್ರಾಸ್ ರೈಲುಮಾರ್ಗ ದುಧನಿ ದಾಟಿದೊಡನೆ ನಿಜಾಮರ ಸೀಮೆಗೆ ಬರುತ್ತಿತ್ತು. ಮೇ 22ರಂದು ಅದೇ ಸೀಮೆಯ ಗಾಣಗಾಪುರ ನಿಲ್ದಾಣದಲ್ಲಿ ಮುಂಬೈಗೆ ಹೊರಟಿದ್ದ ರೈಲಿನ ಮೇಲೆ ದಾಳಿ ನಡೆಯಿತು. ಭಾರತದ ಕಡೆಯಿಂದ ಆರ್ಥಿಕ ದಿಗ್ಬಂಧನವೂ ಬಿಗಿಯಾಗಿತ್ತು. ಹಳ್ಳಿಹಳ್ಳಿಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನವರು ಗಡಿಯುದ್ದಕ್ಕೂ ಶಿಬಿರಗಳನ್ನು ಹೂಡಿದ್ದರು. ದಕ್ಷಿಣದಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಮುಂಡರಗಿ ಶಿಬಿರ ಹೆಸರಾಯಿತು.

ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ಸೊಲ್ಲಾಪುರದಿಂದ ನಳದುರ್ಗದತ್ತ ಹೊರಟಿತು. 17ಕ್ಕೆ ನಿಜಾಮ್ ಶರಣಾದ. ಮುಂಗಾರಿನ ಹೊಲ ಅರ್ಧಂಬರ್ಧ ಬಿಟ್ಟು ಹೋದವರು ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಮರಳಬಹುದಾಯಿತು.

ಹಾಲಿ ಸಿಕ್ಕಾ ಮಾತ್ರ ಅಷ್ಟು ಬೇಗ ಹೋಗಲಿಲ್ಲ. ಭಾರತದ ರೂಪಾಯಿಯ ಜೊತೆಜೊತೆಗೆ 1959ರವರೆಗೂ ಉಳಿಯಿತು. 1956ರ ನವೆಂಬರ್ 1ರಂದು ಆಳಂದ ಮೈಸೂರು ರಾಜ್ಯಕ್ಕೆ ಬಂತು, ಅಕ್ಕಲಕೋಟ ಮುಂಬೈ ರಾಜ್ಯದಲ್ಲಿ ಉಳಿಯಿತು. ಮಾದನಹಿಪ್ಪರಗಾದ ಪಶ್ಚಿಮಕ್ಕೆ ಗಡಿ ಈಗಲೂ ಇದೆ. ಬೀಗರೂ ಅಲ್ಲೇ ಇದ್ದಾರೆ.