ಟೆಸ್ಟೋಸ್ಟೆರಾನ್: ಸೂಜಿಗಿಂತ ಮೊದಲೇ ಬಂದ ಎಚ್ಚರಿಕೆ

ಮುಂಬಯಿ ಲೋಕಲ್‌ನಲ್ಲಿ ಓಡಾಡಿದವರಿಗೆಲ್ಲ ಹಳಿ ಪಕ್ಕದ ಗೋಡೆಗಳ ಮೇಲಿನ 'ಮರ್ದಾನಾ ತಾಕತ್' ಜಾಹೀರಾತು ಗೊತ್ತಿರುತ್ತದೆ. ಮೂವತ್ತು ವರ್ಷ ಓದಿ ನನಗಂತೂ ಬಾಯಿಪಾಠ. ಈಗ ಅದೇ ಮಾತು ಸೂಟುಬೂಟು ತೊಟ್ಟು ಫೋನಿಗೇ ಬರುತ್ತಿದೆ: ಸುಸ್ತೇ? ಟೆಸ್ಟೋಸ್ಟೆರಾನ್ ತಗೊಳ್ಳಿ. ಇದು ಎಲ್ಲಿಂದ ಬಂತು ಅಂತ ಹುಡುಕಿದಾಗ ಸಿಕ್ಕಿದ್ದನ್ನು ನಿಮಗೂ ಹೇಳಬೇಕು ಅನ್ನಿಸಿತು.

ಬೀಜ ಒಡೆದರೆ ಹೋರಿ ಎತ್ತಾಗುತ್ತದೆ ಅನ್ನೋದು ನಮ್ಮ ರೈತರಿಗೆ ಯಾವ ಕಾಲದಿಂದಲೋ ಗೊತ್ತು. ಯಾಕೆ ಅನ್ನೋದರ ಸುಳಿವು ಸಿಕ್ಕಿದ್ದು 1849ರಲ್ಲಿ, ಜರ್ಮನಿಯ ಬರ್ತೋಲ್ಡ್‌ಗೆ. ಹುಂಜಗಳ ಬೀಜ ಕಿತ್ತು, ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟ. ಹಳೆಯ ನರದ ಸಂಪರ್ಕ ಕಡಿದಿದ್ದರೂ ಜುಟ್ಟು ಬೆಳೆಯಿತು, ಕೂಗಿದವು, ಕಾದಾಡಿದವು. ಬೀಜದಿಂದ ಏನೋ ಒಂದು ರಕ್ತಕ್ಕೆ ಸೇರುತ್ತಿದೆ ಅಂತಾಯಿತು.

1889ರಲ್ಲಿ ಪ್ಯಾರಿಸ್ಸಿನ ಬ್ರೌನ್-ಸೆಕಾರ್ ಎಂಬ 72ರ ಹಿರಿಯರು ನಾಯಿ, ಗಿನಿಪಿಗ್‌ಗಳ ಬೀಜದ ರಸ ಚುಚ್ಚಿಕೊಂಡು "ಯೌವನ ಬಂತು" ಎಂದು ಸಾರಿದರು. ಆ ಹಾರ್ಮೋನು ನೀರಿನಲ್ಲಿ ಕರಗುವುದೇ ಅಪರೂಪ. ಅವರಿಗೆ ಬಂದದ್ದು ಬರೀ ನಂಬಿಕೆಯ ಬಲ. ಗೋಡೆ ಜಾಹೀರಾತಿನ ಮೂಲಪುರುಷ ಅನ್ನಬಹುದು!

ನಿಜವಾದ ಕೆಲಸ ನಡೆದದ್ದು ಷಿಕಾಗೋದಲ್ಲಿ. ಅಲ್ಲಿನ ಕಸಾಯಿಖಾನೆಗಳಲ್ಲಿ ಹೋರಿ ಬೀಜಕ್ಕೇನು ಬರ? 1927ರಲ್ಲಿ ಕೋಚ್ ಮತ್ತು ಮ್ಯಾಕ್‌ಗೀ ಸುಮಾರು 18 ಕಿಲೋ ಬೀಜದಿಂದ 20 ಮಿಲಿಗ್ರಾಂ ಸಾರ ತೆಗೆದರು. ಅದೇ ವಿಶ್ವವಿದ್ಯಾಲಯದ ಕಾರ್ಲ್ ಮೂರ್ ಮತ್ತು ಡೊರೊಥಿ ಪ್ರೈಸ್ ಇಂಥ ಸಾರವನ್ನು ಗಂಡು ಇಲಿಗಳಿಗೆ ಚುಚ್ಚಿ ನೋಡಿದರೆ, ಇಲಿಗಳ ಸ್ವಂತ ಬೀಜಗಳೇ ಕುಗ್ಗಿಹೋದವು. ಪಿಟ್ಯುಟರಿ ಗ್ರಂಥಿಯ ಸಾರ ಕೊಟ್ಟಾಗ ಕುಗ್ಗಲಿಲ್ಲ. ಹೊರಗಿನ ಹಾರ್ಮೋನು ಪಿಟ್ಯುಟರಿಯನ್ನು ಸುಮ್ಮನಾಗಿಸುತ್ತದೆ, ಅದರ ಅಪ್ಪಣೆಯಿಲ್ಲದೆ ಬೀಜ ಕೆಲಸ ನಿಲ್ಲಿಸುತ್ತದೆ ಎಂದು ಅವರು 1932ರಲ್ಲೇ ಬರೆದರು.

ಇಸವಿ ಗಮನಿಸಿ. ಶುದ್ಧ ಟೆಸ್ಟೋಸ್ಟೆರಾನ್ ಆಮ್‌ಸ್ಟರ್‌ಡ್ಯಾಮ್‌ನ ಲಾಕ್ವರ್ ತಂಡಕ್ಕೆ ಸಿಕ್ಕಿದ್ದು 1935ರಲ್ಲಿ, 100 ಕಿಲೋ ಬೀಜದಿಂದ 10 ಮಿಲಿಗ್ರಾಂ. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಕ ಬೇರೆಬೇರೆಯಾಗಿ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. 1939ರ ನೊಬೆಲ್ ಅವರಿಬ್ಬರಿಗೂ ಬಂತು. ಔಷಧಿಗಿಂತ ಮೂರು ವರ್ಷ ಮೊದಲೇ ಎಚ್ಚರಿಕೆ ಬಂದಿತ್ತು. ಹೆಸರು ಉಳಿದದ್ದು ಔಷಧಿಯದು.

ನಮ್ಮ ಸೊಸೈಟಿ ಟ್ಯಾಂಕಿನ ಲೆಕ್ಕದಲ್ಲಿ ಹೇಳಿದರೆ ಸುಲಭ. ಟ್ಯಾಂಕರ್ ತರಿಸಿ ತುಂಬಿಸಿದರೆ ಬಾಲ್ ಮೇಲೇಳುತ್ತದೆ, ಮುನಿಸಿಪಾಲಿಟಿ ನೀರು ತಾನಾಗಿ ನಿಲ್ಲುತ್ತದೆ. ತೊಡಕೇನೆಂದರೆ, ವೀರ್ಯಾಣು ಹುಟ್ಟಲು ಬೀಜದೊಳಗೆ ರಕ್ತಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಬೇಕು. ಚುಚ್ಚಿದ್ದು ರಕ್ತವನ್ನು ತುಂಬಿಸುತ್ತದೆ, ಬೀಜದೊಳಗನ್ನು ಬತ್ತಿಸುತ್ತದೆ.

ಇದನ್ನೇ ವಿಶ್ವ ಆರೋಗ್ಯ ಸಂಸ್ಥೆ ಗಂಡಸರ ಕುಟುಂಬ ಯೋಜನೆಗೆ ಪರೀಕ್ಷಿಸಿತು! 1990ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 271 ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ. 157 ಜನರ ವೀರ್ಯಾಣು ಲೆಕ್ಕ ಸೊನ್ನೆಗೆ ಇಳಿಯಿತು. ಮುಂದಿನ ಒಂದು ವರ್ಷದ ಹಂತಕ್ಕೆ ಹೋದ 119 ಜೋಡಿಗಳಲ್ಲಿ ಗರ್ಭ ನಿಂತದ್ದು ಒಂದೇ ಒಂದು.

ಹುಟ್ಟಿನಿಂದಲೇ ಬೀಜ ಕೆಲಸ ಮಾಡದವರಿಗೆ, ಕ್ಯಾನ್ಸರಿಗೆ ಬೀಜ ತೆಗೆಸಿದವರಿಗೆ ಇದು ದೊಡ್ಡ ವರ. ಪಿಟ್ಯುಟರಿ ಕೆಟ್ಟು ಮಗು ಬೇಕೆನ್ನುವವರಿಗೆ ಬೀಜವನ್ನೇ ಎಬ್ಬಿಸುವ ಎಚ್‌ಸಿಜಿಯಂಥ ಬೇರೆ ಇಂಜೆಕ್ಷನ್ ಇದೆ.

ನಮ್ಮ ಬಳಗದ ಹುಡುಗನೊಬ್ಬ, ಮದುವೆಯಾಗಿ ಮೂರು ವರ್ಷ. ಮಕ್ಕಳಾಗಲಿಲ್ಲವೆಂದು ಹೆಂಡತಿಗೆ ಎಲ್ಲ ಟೆಸ್ಟೂ ಮಾಡಿಸಿದ್ದರು, ಅವಳು ಸತ್ಯನಾರಾಯಣ ಪೂಜೆ, ಉಪವಾಸ ಎಲ್ಲಾ ಮಾಡಿದ್ದಳು. ಕೊನೆಗೆ ಡಾಕ್ಟರು ಇವನನ್ನು ಕೂರಿಸಿ ಕೇಳಿದಾಗ ಹೊರಬಿತ್ತು, ಜಿಮ್ಮಿನವನ ಮಾತು ಕೇಳಿ ಎರಡು ವರ್ಷದಿಂದ ಚುಚ್ಚಿಸಿಕೊಳ್ಳುತ್ತಿದ್ದ. ಹೆಚ್ಚಿನವರಿಗೆ ನಿಲ್ಲಿಸಿದ ಮೇಲೆ ವಾಪಸ್ ಬರುತ್ತದಂತೆ. ಕೆಲವರಿಗೆ ತಿಂಗಳುಗಳು, ಕೆಲವರಿಗೆ ವರ್ಷ ಮೀರಿ. ಇವನು ನಿಲ್ಲಿಸಿ ಐದು ತಿಂಗಳಾಯಿತು. ಮುಂದಿನ ಟೆಸ್ಟು ಗಣೇಶನ ಹಬ್ಬ ಆದಮೇಲೆ.